ಬದು ತಿನ್ನುವ ಪಕ್ಕದ ಹೊಲದವರು

ನನ್ನ ಮೊಮ್ಮಗಳು ಗೆದ್ದಳು! ಕಂಪ್ಯೂಟರಿನ ಮೆಮೊರಿ ಚಿಪ್ಪಿನಲ್ಲಿ ಮಾಹಿತಿ ಬರೆದಿಡುವ ಪುಟ್ಟ ಪುಟ್ಟ ಗೂಡುಗಳು ಒತ್ತೊತ್ತಾಗಿ ಇರುತ್ತವಂತೆ. ಒಂದರಲ್ಲಿ ಬರೆದರೆ ಪಕ್ಕದ್ದು ಕೆಡುತ್ತದಂತೆ. ಅವಳು ನಡುವೆ ತೆಳ್ಳನೆಯ ತಡೆಯಿಟ್ಟು ಆ ಕಾಟ ತಗ್ಗಿಸಿದ್ದಾಳೆ. ಅವಳು ಕೆಲಸ ಮಾಡುವ ಕಂಪನಿಯವರು ಪರೀಕ್ಷಿಸಿ ಇವತ್ತು ಒಪ್ಪಿಕೊಂಡರು.

ಕೇಳಿದ ಕೂಡಲೇ ನನಗೆ ಹಿರೇಗುಂಟನೂರಿನ ನಮ್ಮ ಪಕ್ಕದ ಹೊಲದವರು ನೆನಪಾದರು. ಅವರಷ್ಟು ಮರ್ಯಾದಸ್ಥರು ಊರಲ್ಲೇ ಇರಲಿಲ್ಲ. ಪ್ರತಿ ಮುಂಗಾರಿಗೂ ಮೊದಲು ಕೈಮುಗಿದು, ಆಮೇಲೆ ನಮ್ಮ ಬದುವನ್ನು ಒಂದು ಗೇಣು ಉತ್ತುಕೊಳ್ಳುತ್ತಿದ್ದರು. ಕೇಳಿದರೆ ಟವೆಲ್ಲು ಕೊಡವಿ, "ಎತ್ತಿಗೇನ್ ಗೊತ್ತಾಗ್ತೈತಕ್ಕ, ನಮ್ದು ನಿಮ್ದು ಅಂತ?" ಅನ್ನುವರು. ಟ್ರ್ಯಾಕ್ಟರು ಬಂದ ಮೇಲೂ ತಪ್ಪು ಎತ್ತಿನದೇ.

ಹೀಗೇ ಬಿಟ್ಟರೆ ಹೊಲವೇ ಉಳಿಯುವುದಿಲ್ಲ ಎಂದು ನಾನು ಅಳುತ್ತಿದ್ದೆ. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮೊಮ್ಮಗಳು ರಜೆಯಲ್ಲಿ ಬದುವಿನುದ್ದಕ್ಕೂ ಕತ್ತಾಳೆ ನೆಟ್ಟಳು.

"ಏನವ್ವ, ನಮ್ ಮ್ಯಾಲೆ ನಂಬ್ಕೆ ಇಲ್ವಾ?" ಎಂದರು ಅವರು.

"ನಿಮ್ ಮ್ಯಾಲೆ ಐತೆ ತಾತ, ಎತ್ತಿನ್ ಮ್ಯಾಲಿಲ್ಲ."

ಮುಂದಿನ ಮುಂಗಾರಿನಲ್ಲಿ ಅವರ ಟ್ರ್ಯಾಕ್ಟರು ಮುಳ್ಳಿನ ತನಕ ಬಂದು, ತೆಪ್ಪಗೆ ತಿರುಗಿತು.

ಅವರು ಈಗಿಲ್ಲ. ಇದ್ದಿದ್ದರೆ ಇವತ್ತು ಊಟಕ್ಕೆ ಕರೆಯುತ್ತಿದ್ದೆ. ಅವರ ಎಲೆ ಮಾತ್ರ ನನ್ನೆಲೆಯಿಂದ ಒಂದು ಗೇಣು ದೂರ ಹಾಕಿಸುತ್ತಿದ್ದೆ. ಸಂಜೆ ಮನೆಮಂದಿಯೆಲ್ಲ ಮೊಮ್ಮಗಳನ್ನು ನಡುವೆ ಕೂರಿಸಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು ಹೋಳಿಗೆ ಉಂಡೆವು.