ನೋಟಿನ ಕಾರ್ಖಾನೆಯ ಗೇಟಿನವರೆಗೆ

ಬೆಳಗಿನ ಆರು ಗಂಟೆ. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ರೇಟಿಗೆ ಆಗಲೇ ಜಗಳ ಶುರುವಾಗಿದೆ. ಪಕ್ಕದ ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕೋಡಿಯ ಮುತ್ತಕ್ಕ ಮಾತ್ರ ಈ ಗಲಾಟೆ ತನ್ನದಲ್ಲವೆಂಬಂತೆ ಕೂತಿದ್ದಾರೆ. ಮುಂದಿರುವ ಬೇಸಿನ್ನಿನ ಸಿಹಿನೀರಿನಲ್ಲಿ ಹತ್ತು ರೂಪಾಯಿ ನೋಟುಗಳ ಒಂದು ಮುದ್ದೆ. ಉಪ್ಪುನೀರು ಕುಡಿದು ಒಂದಕ್ಕೊಂದು ಅಂಟಿಕೊಂಡಿವೆ. ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿಯನ್ನು ನಯವಾಗಿ ಹೆರೆದು, ಅದರ ತುದಿಯಿಂದ ಒಂದೊಂದೇ ನೋಟನ್ನು ಬಿಡಿಸುತ್ತಾರೆ.

"ಎಳೂಕಾಗ, ಅದೇ ಬಿಡ್ಕ್" ಎನ್ನುತ್ತಾರೆ, ನನ್ನ ಕಡೆ ನೋಡದೆ. ಎಳೆಯಬಾರದು, ಅದಾಗಿಯೇ ಬಿಡಬೇಕು. "ಮೊದ್ಲ್ ಉಪ್ಪು ಹೋಯ್ಕ್. ಉಪ್ಪಿದ್ದಾಂಗೇ ಒಣಗ್ಸಿರೆ ಮಡ್ಚಿದಲ್ಲೇ ತುಂಡಾತ್ತ್."

ಮೀನು ಮಾರುವ ಹೆಂಗಸರು ದುಡ್ಡನ್ನು ಸೊಂಟಕ್ಕೆ ಸಿಕ್ಕಿಸುವವರು. ಬುಟ್ಟಿಯ ನೀರು ಇಳಿದು, ಬೆವರು ಸೇರಿ, ಸಂಜೆಯೊಳಗೆ ನೋಟು ಗಂಜಿಯಾಗುತ್ತದೆ. ಮುತ್ತಕ್ಕ ಕೂಡ ಬುಟ್ಟಿ ಹೊತ್ತವರೇ. ೧೯೯೭ರಲ್ಲಿ ದೋಣಿ ಇಳಿಯುವಾಗ ಜಾರಿ ಬಿದ್ದು ಸೊಂಟ ಮುರಿದ ಮೇಲೆ ತಲೆಹೊರೆ ನಿಂತಿತು, ಈ ಕೆಲಸ ಹಿಡಿಯಿತು. ಕೂಲಿ ಇಷ್ಟೇ ಎಂದಿಲ್ಲ. ಒಬ್ಬಳು ಎರಡು ಬಂಗುಡೆ ಕೊಟ್ಟರೆ ಇನ್ನೊಬ್ಬಳು ಚಾ ಕುಡಿಸಿ ಕೈ ತೊಳೆದುಕೊಳ್ಳುತ್ತಾಳೆ. ದೋಣಿ ಇಳಿಯದ ಮಳೆಗಾಲದಲ್ಲಿ ಗೇರುಬೀಜದ ಕಾರ್ಖಾನೆಯೇ ಗತಿ.

ಈ ಕಸುಬಿಗೆ ಚೀಟಿಯಿಲ್ಲ, ರಸೀದಿಯಿಲ್ಲ. ಶುರುವಿನಲ್ಲೊಮ್ಮೆ ಒಣಗಿದ ನೋಟುಗಳನ್ನು ಪಕ್ಕದ ಹೋಟೆಲಿನ ಗಲ್ಲಾದಲ್ಲಿ ಇಡಲು ಕೊಟ್ಟಿದ್ದರಂತೆ. ಅಲ್ಲಿ ಯಾರದೋ ನೋಟು ಯಾರದೋ ಜೊತೆ ಸೇರಿತು. ನೋಟಿನ ಒಡತಿ ಒಂದು ವರ್ಷ ಮಾತು ಬಿಟ್ಟಳು. ಅಲ್ಲಿಂದ ಮುತ್ತಕ್ಕನದು ಒಂದೇ ಹಟ: ತನ್ನ ಕೈಗೆ ಬಂದ ನೋಟು ಒಡತಿಯ ಕೈಗೇ ಹೋಗಬೇಕು, ನಡುವೆ ಯಾರೂ ಮುಟ್ಟಬಾರದು.

ಆ ಹಟವೇ ಎರಡು ವರ್ಷದ ಹಿಂದೆ ಅವರನ್ನು ಮೈಸೂರಿನಲ್ಲಿ ರಸ್ತೆ ಬದಿ ಕೂರಿಸಿತು. ಇಲ್ಲಿನ ಬ್ಯಾಂಕಿನ ವೈಕುಂಠ ಅಡಿಗರು ಮೀನು ಮಾರುವವರ ಸಂಘದ ಹೆಂಗಸರನ್ನು ನೋಟು ಅಚ್ಚಾಗುವ ಕಾರ್ಖಾನೆ ನೋಡಲು ಕರೆದುಕೊಂಡು ಹೋಗಿದ್ದರು. ಇಲ್ಲಿ ಬಸ್ಸು ಹೊರಡುವಾಗ ಮಾರ್ಕೆಟ್ಟಿನ ದುಗ್ಗಪ್ಪನ ಹೆಂಡತಿ ಓಡಿಬಂದು ಒಂದು ಒದ್ದೆ ಮುದ್ದೆ ಕೊಟ್ಟಳು. ಮುತ್ತಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಲ್ಲಿ ಗೇಟಿನಲ್ಲಿ, ಹೊರಗಿನ ಒಂದು ನೋಟೂ ಒಳಗೆ ಹೋಗುವಂತಿಲ್ಲ ಎಂದರು. ಉಳಿದವರೆಲ್ಲ ಪರ್ಸು ಕೊಟ್ಟು ಟೋಕನ್ ಪಡೆದರು. ಕೊನೆಗೆ ಅಡಿಗರೇ "ನಾನು ಹೊರಗಿರುತ್ತೇನೆ, ನನ್ನ ಕೈಗೆ ಕೊಡಿ" ಎಂದರೂ ಇವರು ಒಪ್ಪಲಿಲ್ಲ.

"ಅದ್ ನಂದಲ್ಲ ಅಲ್ದಾ? ನಂದಾರೆ ಅಲ್ಲೇ ಬಿಸಾಡಿ ಒಳ್ಗ್ ಹೋತಿದ್ದೆ" ಎನ್ನುವಾಗ ದನಿ ಸಣ್ಣದಾಗುತ್ತದೆ. "ಮಿಷನ್ನಿನ ಶಬ್ದ ಆದ್ರೂ ಕೇಣತ್ತಾ ಅಂದೇಳಿ ಕಿವಿ ಕೊಟ್ಟ್ ಕೂತೆ. ಬರೀ ಲಾರಿ ಶಬ್ದ."

ಹೊರಗೆ ಬಂದವರನ್ನು ಕಾಡಿ ಕಾಡಿ ಕೇಳಿದರಂತೆ. ಅವರು ಹೇಳಿದ್ದರಲ್ಲಿ ಒಂದು ಮಾತು ಮುತ್ತಕ್ಕನನ್ನು ಇವತ್ತಿಗೂ ಬಿಟ್ಟಿಲ್ಲ. "ದೊಡ್ಡ ದೊಡ್ಡ ಹಾಳೆ ಅಂಬ್ರ್. ನೋಟ್ ಎಲ್ಲ ಒಂದಕ್ಕೊಂದ್ ಸೇರ್ಕಂಡೇ ಹುಟ್ಟುದಂಬ್ರ್! ನಾನಿಲ್ಲ್ ಇಡೀ ದಿನ ಬಿಡ್ಸುದ್, ಅಲ್ಲ್ ಒಟ್ಟಿಗೇ ಇರತ್ತಂಬ್ರ್. ಅದೊಂದ್ ಕಾಣ್ಕ್ ನಂಗೆ. ಸಾಯುಕ್ ಬಂದ ನೋಟೇ ಕಂಡದ್ ನಾನ್, ಹುಟ್ಟುದ್ ಕಾಣ್ಲಿಲ್ಲ."

ಈಗ ಇನ್ನೊಂದು ಅವಕಾಶ ಬಂದಿದೆ. ಅಡಿಗರು ಬರುವ ತಿಂಗಳು ನಿವೃತ್ತರಾಗುತ್ತಾರೆ. ನಾಳೆ ಕೊನೆಯ ಸಲ ಮೈಸೂರಿಗೆ ಬಸ್ಸು ಹೊರಡಿಸುತ್ತಿದ್ದಾರೆ, ಮುತ್ತಕ್ಕನ ಬಗ್ಗೆ ಬರೆಯಲು ಬಂದ ನನಗೂ ಸೀಟು ಇಟ್ಟಿದ್ದಾರೆ. ಇವತ್ತಿನಿಂದ ಯಾರೂ ನೋಟು ತರಬೇಡಿ ಎಂದು ಮುತ್ತಕ್ಕ ವಾರದಿಂದ ಮಾರ್ಕೆಟ್ಟಿಗೆಲ್ಲ ಸಾರಿದ್ದಾರೆ. ಮೊನ್ನೆಯಿಂದ ಬೇಸಿನ್ನಿನಲ್ಲಿ ನೆನೆದ ಮುದ್ದೆಯೇ ಕೊನೆಯದು. ಬಿಸಿಲೇರುವ ಹೊತ್ತಿಗೆ ಅದೂ ಒಣಗಿ ಒಡತಿಯ ಕೈ ಸೇರುತ್ತದೆ. ಮುತ್ತಕ್ಕ ಬರಿದಾದ ಸೊಂಟವನ್ನು ಎರಡು ಸಲ ಮುಟ್ಟಿ ನೋಡಿಕೊಂಡು ನಗುತ್ತಾರೆ. ನನಗೂ ಖುಷಿಯಾಗುತ್ತದೆ.

ಅಷ್ಟರಲ್ಲಿ ತ್ರಾಸಿಯ ನಾಗು ಬಂದು ನಿಲ್ಲುತ್ತಾಳೆ. ಮೀನು ತೆಗೆಯುವಾಗ ತೆರೆ ಹೊಡೆದು ಮೈಯೆಲ್ಲ ಒದ್ದೆ. ಒಂದು ಕೈ ಬೆನ್ನ ಹಿಂದೆ.

"ಎಂತ ಹೆಣೆ ಹಿಂದೆ?" ಮುತ್ತಕ್ಕ ಕೇಳುತ್ತಾರೆ.

"ಎಂತ ಇಲ್ಲೆ ಅಕ್ಕ. ನೀ ಹೋಯಿ ಬಾ. ಬಂದ್ಮೇಲ್ ಕೊಡ್ತೆ."

"ನಾನ್ ಬಪ್ಪತಿಗೆ ಅದ್ ಕೊಳ್ತ್ ಹೋತ್ತ್. ತಾ ಇಲ್ಲ್."

ನಾಗು ಕೊಡುವುದಿಲ್ಲ. ಮುತ್ತಕ್ಕ ಚಾಚಿದ ಕೈ ಹಿಂದೆ ತೆಗೆಯುವುದಿಲ್ಲ. ಕೊನೆಗೆ ಸೋಲುವವಳು ನಾಗುವೇ. ಮುದ್ದೆ ನೀರಿಗಿಳಿಯುತ್ತದೆ. ಉಪ್ಪು ಬಿಟ್ಟು ಒಣಗಲು ಎರಡು ದಿನ ಬೇಕು.

ಮುತ್ತಕ್ಕ ನೋಟಿನಿಂದ ಕಣ್ಣೆತ್ತದೆ ಕೇಳುತ್ತಾರೆ: "ಹ್ವಾಯ್, ನೀವ್ ನಾಳೆ ಹೋತ್ರಿ ಅಲ್ದಾ? ತುಂಡ್ ಮಾಡುಕ್ ಮುಂಚೆ ಆ ಹಾಳೆ ಹ್ಯಾಂಗಿರತ್ತ್ ಅಂದೇಳಿ ಸಮಾ ಕಂಡ್ಕಂಡ್ ಬನ್ನಿ. ಕೈ ಖಾಲಿ ಇಪ್ಪೋರ್ ಆದ್ರೂ ಸಮಾ ಕಾಣ್ಕ್."