ಹಪ್ಪಳಕ್ಕೆ ಹಾಸಿದ ಶೀಟು

ಪ್ಲೈವುಡ್ ಶೀಟನ್ನು ಗೋಡೆಗೆ ಒರಗಿಸಿ ಇಟ್ಟಿರುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹತ್ತು ವರ್ಷ ಮಣಿಪಾಲದ ಒಂದು ಮರಗೆಲಸದ ಶೆಡ್ಡಿನಲ್ಲಿ ದುಡಿದವನು ನಾನು. ಅಲ್ಲಿ ಮೊದಲು ಕಲಿತದ್ದು ಗರಗಸ ಹಿಡಿಯುವುದನ್ನಲ್ಲ, ಶೀಟು ಇಡುವುದನ್ನು. ನೆಲದ ಮೇಲೆ ಒಂದೇ ದಪ್ಪದ ನಾಲ್ಕು ರೀಪು ಪಟ್ಟಿ, ಅವುಗಳ ಮೇಲೆ ಶೀಟು ಮಲಗಿರಬೇಕು. ಗೋಡೆಯಿಂದ ಒಂದು ಗೇಣು ದೂರ. ಮೇಲೊಂದು ಹಳೆಯ ಶೀಟಿನ ಮುಚ್ಚಳ. ಒಂದು ಮುಖಕ್ಕೆ ಮಾತ್ರ ಬಿಸಿಲೋ ತೇವವೋ ತಾಗಿದರೆ ಶೀಟು ಬಾಗುತ್ತದೆ, ಕೆಲಸ ಕೆಟ್ಟಿತು. ನಮ್ಮ ಕರಾವಳಿಯ ಗಾಳಿಗೆ ಡಬ್ಬದೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಪ್ಲೈವುಡ್ಡಿನ ಪಾಡು ಕೇಳಬೇಕೆ?

ಆ ಬೇಸಗೆಯಲ್ಲಿ ಶೆಡ್ಡು ಬಿಟ್ಟು ಕಾಪುವಿನ ನಮ್ಮ ಮನೆಯಲ್ಲೇ ಸ್ವಂತ ಕೆಲಸ ಶುರು ಮಾಡಿದ್ದೆ. ಮೊದಲ ಕೆಲಸ ಸಿಕ್ಕಿದ್ದು ಶಿರ್ವದಲ್ಲಿ, ದುಬೈಯಿಂದ ರಜೆಯಲ್ಲಿ ಬಂದಿದ್ದವರೊಬ್ಬರ ಹೊಸ ಮನೆಗೆ ಒಂದು ದೊಡ್ಡ ಕಪಾಟು. ನಾಲ್ಕು ಬಾಗಿಲು, ಪ್ರತಿಯೊಂದೂ ಬುಡದಿಂದ ತಲೆಯವರೆಗೆ ಒಂದೇ ತುಂಡು.

"ನಾನು ವಿಮಾನ ಹತ್ತುವ ಮೊದಲು ಈ ಬಾಗಿಲುಗಳನ್ನು ಒಮ್ಮೆ ಮುಚ್ಚಿ ತೆಗೆದು ನೋಡಬೇಕು. ಸರಿಯಾದರೆ ಅಡುಗೆಮನೆಯ ಕೆಲಸ ಇಡೀ ನಿಮಗೇ," ಎಂದಿದ್ದರು ಮನೆಯ ಯಜಮಾನರು.

ಆ ಅಡುಗೆಮನೆ ಸಿಕ್ಕಿದರೆ ನಾನು ಮತ್ತೆ ಮಣಿಪಾಲದ ಬಸ್ಸು ಹತ್ತಬೇಕಾಗಿರಲಿಲ್ಲ. ಉಡುಪಿಗೆ ಹೋಗಿ, ಒಂದೊಂದರ ಅಂಚಿಗೂ ಕಣ್ಣಿಟ್ಟು ನೋಡಿ, ಬಾಗಿಲಿಗೆಂದು ಎರಡು ಶೀಟು ಆರಿಸಿ ತಂದೆ. ಮನೆಯ ಚಾವಡಿಯಲ್ಲಿ ರೀಪಿನ ಮೇಲೆ ಮಲಗಿಸಿದೆ. ಮರುದಿನದಿಂದ ಎರಡು ದಿನ ಶಿರ್ವದಲ್ಲೇ ಉಳಿದು ಕಪಾಟಿನ ಚೌಕಟ್ಟು ಕೂರಿಸುವ ಕೆಲಸವಿತ್ತು.

"ಅಮ್ಮಾ, ಇದು ಮಲಗಿಯೇ ಇರಬೇಕು. ನಿಲ್ಲಿಸಬೇಡ," ಎಂದೆ.

"ಮಲಗಿಸಿ ಇಡಬೇಕು, ಅಷ್ಟೇ ಅಲ್ವಾ? ಅದರಲ್ಲಿ ಎಂತ ಉಂಟು? ನೀನು ಹೋಗು," ಎಂದಳು ಅಮ್ಮ.

ಎರಡನೆಯ ದಿನ ಸಂಜೆ ಬಂದು ನೋಡುತ್ತೇನೆ, ಚಾವಡಿಯಲ್ಲಿ ನಾಲ್ಕು ರೀಪು ಮಾತ್ರ ಬಿದ್ದಿವೆ. ಶೀಟುಗಳು ಬಚ್ಚಲುಮನೆಯ ಹೊರಗೋಡೆಗೆ ಒರಗಿ ನಿಂತಿವೆ. ಬುಡದಲ್ಲಿ ಮಳೆನೀರು. ಮುಖದ ತುಂಬಾ ಸಾಲುಸಾಲಾಗಿ ಎಣ್ಣೆಯ ದುಂಡು ಕಲೆಗಳು.

"ಇದು ಎಂತ ಅಮ್ಮಾ?"

"ಹಲಸಿನ ಹಪ್ಪಳ ಮಗಾ. ಚಾಪೆಯಲ್ಲಿ ಒಣಗಿಸಿದರೆ ಎಲ್ಲ ಸೊಟ್ಟ ಆಗ್ತದೆ. ನಿನ್ನ ಹಲಗೆ ಎಷ್ಟು ಸಮ ಉಂಟು! ಪಕ್ಕದ ಮನೆಯ ಅಕ್ಕ ಒಂದು ಕಡೆ ಹಿಡಿದಳು, ಅಂಗಳಕ್ಕೆ ತಂದೆವು."

"ಬಿಸಿಲಿಗಾ?"

"ಮತ್ತೆ ಹಪ್ಪಳ ನೆರಳಲ್ಲಿ ಒಣಗ್ತದಾ? ನೀನು ಹೇಳಿದ ಹಾಗೆ ಮಲಗಿಸಿಯೇ ಇಟ್ಟದ್ದು ಮಾರಾಯ."

"ಹಾಗಾದರೆ ಈಗ ನಿಂತದ್ದು ಯಾಕೆ?"

"ಮಧ್ಯಾಹ್ನ ಒಮ್ಮೆಲೇ ಮಳೆ ಬಂತಲ್ಲ! ಮೊದಲು ಹಪ್ಪಳ ಒಳಗೆ ತಂದೆವು. ಆಮೇಲೆ ನೀರು ಇಳಿಯಲಿ ಅಂತ ಹಲಗೆ ನಿಲ್ಲಿಸಿದ್ದು."

ಒಂದೂವರೆ ದಿನ ಬಿಸಿಲು, ಆಮೇಲೆ ಮಳೆ, ಕೊನೆಗೆ ಬಚ್ಚಲಿನ ಗೋಡೆ. ಹತ್ತು ವರ್ಷ ನಾನು ಏನೇನು ಮಾಡಬಾರದೆಂದು ಕಲಿತಿದ್ದೆನೋ ಅಷ್ಟನ್ನೂ ಅಮ್ಮ ಒಂದೂ ಬಿಡದೆ ಮಾಡಿ ಮುಗಿಸಿದ್ದಳು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಅವಳು ಕೇಳುವಷ್ಟು ಕೇಳಿ, "ಶಿರ್ವದವರಿಗೆ ಕೊಡಲಿಕ್ಕೆ ಅಂತಲೇ ಮಾಡಿದ್ದು. ಮೊದಲ ಕೆಲಸ, ಬರಿಗೈಯಲ್ಲಿ ಹೋಗ್ತೀಯಾ?" ಎಂದಳು. ನಾನು ಬಾಗಿದ ಶೀಟುಗಳನ್ನು ಒರೆಸಿ ಚಾವಡಿಗೆ ಹೊತ್ತು ತಂದೆ.

ಶೀಟಿನ ಉಬ್ಬಿದ ಮುಖ ಮೇಲೆ ಮಾಡಿ ಮಲಗಿಸಿ, ಕೆಂಪು ಕಲ್ಲು ಹೇರಿದೆ, ಅಕ್ಕಿ ಮೂಟೆ ಹೇರಿದೆ, ತುಂಬಿದ ಗ್ಯಾಸ್ ಸಿಲಿಂಡರನ್ನೂ ಹೇರಿದೆ. ಮೂರು ದಿನ ಬಿಟ್ಟು ಭಾರ ಇಳಿಸಿದಾಗ ಎರಡೂ ಸಾಧುಗಳ ಹಾಗೆ ಮಲಗಿದ್ದವು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಬಿಲ್ಲು. ಉಡುಪಿಗೆ ಓಡಿದೆ. ಮೊದಲು ಶೀಟು ಕೊಟ್ಟ ಅಂಗಡಿಯವರು, "ಆ ಶೀಟು ಮುಗಿಯಿತು, ಬರುವ ವಾರ ಬರ್ತದೆ," ಎಂದರು. ಯಜಮಾನರ ವಿಮಾನ ಅದಕ್ಕೂ ಮೊದಲೇ. ಬೇರೆ ಎರಡು ಅಂಗಡಿಗಳಿಗೆ ಹೋದೆ. ಅಲ್ಲಿದ್ದವೆಲ್ಲ ಗೋಡೆಗೆ ಒರಗಿ ನಿಂತು ಮೊದಲೇ ಬಾಗಿದ್ದವು! ಅಂಗಡಿ ಇಟ್ಟವರಿಗೇ ಗೊತ್ತಿಲ್ಲದ ಮೇಲೆ ಅಮ್ಮನನ್ನು ಬೈದು ಏನು ಪ್ರಯೋಜನ?

ಯಜಮಾನರು ಹೊರಡುವ ದಿನ ಶಿರ್ವಕ್ಕೆ ಹೋದೆ, ಕೈಯಲ್ಲಿ ಬಾಗಿಲುಗಳಿಲ್ಲ, ಹಪ್ಪಳದ ಡಬ್ಬ. ಬಾಗಿಲಿಲ್ಲದ ಕಪಾಟಿಗೆ ಅವರು ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ಅವರ ಹೆಂಡತಿ ಡಬ್ಬ ತೆರೆದು ಒಂದು ಹಪ್ಪಳ ಎತ್ತಿ ನೋಡಿದರು.

"ಎಷ್ಟು ಸಮ ಉಂಟು ಮಾರಾಯ್ರೇ! ನಾವು ಮಾಡಿದರೆ ಒಂದೂ ಹೀಗೆ ಬರುವುದಿಲ್ಲ. ನಿಮ್ಮ ಅಮ್ಮ ಎಂತದರಲ್ಲಿ ಒಣಗಿಸ್ತಾರೆ?"

'ನಿಮ್ಮ ಕಪಾಟಿನ ಬಾಗಿಲಿನಲ್ಲಿ' ಎಂಬ ಮಾತು ತುದಿನಾಲಿಗೆಗೆ ಬಂತು. "ಚಾಪೆಯಲ್ಲಿ," ಎಂದೆ.

ಡಬ್ಬ ಯಜಮಾನರ ಸೂಟ್‌ಕೇಸ್ ಸೇರಿತು. ಅಡುಗೆಮನೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮರುವಾರ ಹೊಸ ಶೀಟಿನಲ್ಲಿ ಬಾಗಿಲು ಮಾಡಿ ಕೂರಿಸಿದೆ. ನಾಲ್ಕೂ ಕೂದಲೆಳೆಯಷ್ಟೂ ಓರೆಯಿಲ್ಲದೆ ಮುಚ್ಚಿಕೊಂಡವು, ನೋಡಬೇಕಾದವರು ಮಾತ್ರ ಇರಲಿಲ್ಲ. ಅಡುಗೆಮನೆಯ ಕೆಲಸ ಕಾರ್ಕಳದವರೊಬ್ಬರಿಗೆ ಹೋಯಿತು. ಸೋಮವಾರ ನಾನು ಮಣಿಪಾಲದ ಬಸ್ಸು ಹತ್ತಿದೆ.

ಮರುವರ್ಷ ಹಲಸು ಬೆಳೆದಾಗ ಅಮ್ಮ ನನ್ನ ಕೈಯಲ್ಲೇ ಆ ಹಳೆಯ ಶೀಟುಗಳಲ್ಲೊಂದನ್ನು ಅಂಗಳಕ್ಕೆ ಹೊರಿಸಿದಳು. ಬಗ್ಗಿ ಒಂದು ಕಡೆಯಿಂದ ನೋಡಿದಳು, ಇನ್ನೊಂದು ಕಡೆಯಿಂದ ನೋಡಿದಳು.

"ಇದು ಬಾಗಿದೆಯಲ್ಲ ಮಗಾ, ಹಪ್ಪಳಕ್ಕೆ ಆಗುವುದಿಲ್ಲ. ಒಂದು ಒಳ್ಳೆಯದು ತಾ," ಎಂದಳು.