ಬಸ್ ತಂಗುದಾಣದ ಗೋಡೆ

ಸವಿತಾ, ನಿನ್ನ ಕಾಲೇಜು ಬಿಡಿಸಿದವಳು ನಾನು. ಅಪ್ಪ ಬಿಡಿಸಿದ ಎಂದು ನೀನು ನಂಬಿದ್ದೀಯ — ಬೆಲ್ಲದ ಬಾಗೇವಾಡಿ ಕ್ರಾಸಿನ ಹಿಟ್ಟಿನ ಗಿರಣಿಯ ಈ ದೊಡ್ಡವ್ವ ಬಿಡಿಸಿದ್ದು.

ನಮ್ಮ ಗಿರಣಿಯ ಮುಂದಿನ ತಂಗುದಾಣ ಮೊದಲು ಬರೀ ಕಂಬ, ತಗಡಿನ ಚಪ್ಪರ. ಮೂರು ಕಡೆ ಗೋಡೆ ಕಟ್ಟಿಸಿದವಳು ನಾನು. ಗಾಳಿಮಳೆಗೆ ಆಸರೆಯಾಯಿತೆಂದು ಊರೆಲ್ಲ ಹೊಗಳಿತು, ತೀರಿಹೋದ ನಮ್ಮವರ ಹೆಸರನ್ನು ಅದರ ಮೇಲೆ ಬರೆಸಿತು. ಖರೆ ಹೇಳಲೇ — ಹೊಸ ಸೊಸೆ ಗಿರಣಿಯಲ್ಲಿ ಕೂರತೊಡಗಿದ್ದಳು. ಬಸ್ಸಿಗೆ ನಿಂತ ಹುಡುಗರು ಅವಳನ್ನೇ ನೋಡುವುದು ನನಗೆ ಸೇರಲಿಲ್ಲ. ಅವರ ಕಣ್ಣಿಗೆ ಅಡ್ಡ ಕಟ್ಟಿಸಿದೆ. ನಮ್ಮ ಕಣ್ಣಿಗೂ ಅಡ್ಡವಾದೀತೆಂದು — ಹೊಳೆಯಲೇ ಇಲ್ಲ.

ತೆರೆದ ಬದಿಗೆ ರಸ್ತೆ, ರಸ್ತೆಯಾಚೆ ಬರೀ ಕಬ್ಬು. ಅಲ್ಲಿನ ಎಸ್‌ಟಿಡಿ ಬೂತು ಆಗಿನ್ನೂ ಬಂದಿರಲಿಲ್ಲ, ಆ ಕಡೆಯಿಂದ ನೋಡುವವರಿಲ್ಲ. ಬಸ್ಸಿನ ಗೊಡವೆಯೇ ಇಲ್ಲದವರು ಗೋಡೆಯ ಮರೆಯಲ್ಲಿ ಇಸ್ಪೀಟಾಡುತ್ತ ಕೂತರು. ಬೀಡಿಯ ಹೊಗೆ ನಮಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೋಗಲಿ ಬಿಡು ಎಂದುಕೊಂಡೆ.

ಒಂದು ಬೆಳಿಗ್ಗೆ ನೀನು ಹುಕ್ಕೇರಿ ಬಸ್ಸಿಗೆ ಒಬ್ಬಳೇ ಕಾಯುತ್ತಿದ್ದಾಗ ಅವರಲ್ಲೊಬ್ಬ ನಿನ್ನ ಕೈ ಹಿಡಿದೆಳೆದ. ನೀನು ಕೂಗಿದ್ದು ಗಿರಣಿಯ ಸದ್ದಿನಲ್ಲಿ ಕೇಳಲಿಲ್ಲ. ಹೇಗೋ ಕೊಸರಿಕೊಂಡು, ತೋಳು ಹರಿದ ಅಂಗಿಯಲ್ಲೇ ನಮ್ಮ ಬಾಗಿಲಿಗೆ ಓಡಿಬಂದೆ. ಸಂಜೆ ನಿನ್ನ ಅಪ್ಪ ಬಂದು, ಹತ್ತಿರವೇ ಇದ್ದೂ ನಿಮಗೆ ಕಾಣಲಿಲ್ಲವೇ ಎಂದು ಕೇಳಿದ. ಅವನ ದನಿಯಲ್ಲಿ ದೂರಿರಲಿಲ್ಲ, ಅಳು ಇತ್ತು. ಇನ್ನು ಗೋಡೆಯ ಮಾತು ಬರುತ್ತದೆ ಎಂದು ನನಗೆ ದಿಗಿಲು. ಅಂದುಬಿಟ್ಟೆ —

"ನಾವೇನ್ ನೋಡೂದೋ ತಮ್ಮಾ? ವಯಸ್ಸಿಗೆ ಬಂದ ಹುಡುಗಿ ಒಬ್ಬಾಕಿನ ಯಾಕ ನಿಂದರಬೇಕಿತ್ತು?"

ಅವನು ತಲೆ ತಗ್ಗಿಸಿ ಎದ್ದುಹೋದ. ಮರುದಿನದಿಂದ ನೀನು ಬಸ್ಸಿಗೆ ಬರಲಿಲ್ಲ.

ಊಟಕ್ಕೆ ಕೂತಾಗ ಸೊಸೆ ಮೆಲ್ಲಗೆ ಹೇಳಿದಳು: "ಅತ್ತಿ, ಗೋಡಿ ಕಟ್ಟೂಕಿಂತ ಮೊದಲ, ಆಕಿ ಬಸ್ ಹತ್ತೂ ತನಕ ನಾ ನೋಡ್ಕೋತ ಕುಂದರ್ತಿದ್ನಿರಿ. ಆಕೀನೂ ನನಗ ಕೈ ಮಾಡಿ ಹೋಗ್ತಿದ್ಲು."

ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ.

ಗೋಡೆ ಒಡೆಸಿದೆ. ನಮ್ಮವರ ಹೆಸರೂ ಹೋಯಿತು, ಹೋಗಲಿ. ಆದರೆ ಆಡಿದ ಮಾತು ಹಾಗೇ ಉಳಿಯಿತು. ತಪ್ಪು ಹುಡುಗಿಯದಲ್ಲ, ಅವಳನ್ನು ಮರೆಮಾಡಿದವಳು ನಾನು, ಕಾಲೇಜಿಗೆ ಕಳಿಸು ಎಂದು ನಿನ್ನ ಅಪ್ಪನಿಗೆ ಹೇಳಬೇಕಿತ್ತು. ಇಂದು, ನಾಳೆ ಎಂದು ದಿನ ತಳ್ಳಿದೆ. ಕಡೆಗೆ ಧೈರ್ಯ ಮಾಡಿ ಬಂದಾಗ ನಿಮ್ಮ ಅಂಗಳದಲ್ಲಿ ನಿನ್ನ ಮದುವೆಯ ಹಂದರ ಹಾಕುತ್ತಿದ್ದರು. ದೊಡ್ಡವ್ವ ಬಂದಳೆಂದು ನೀನೇ ಕಾಲಿಗೆ ನೀರು ಕೊಟ್ಟೆ.

ಹೇಳಲಿಲ್ಲ ಸವಿತಾ. ಮದುವೆಯ ದಿನ ಎಲ್ಲರ ಜೊತೆ ನಿಂತು ನಿನ್ನ ಮೇಲೆ ಅಕ್ಕಿಕಾಳು ಹಾಕಿ, ಉಂಡು ಬಂದೆ.